ಇನ್ನೊಂದು ಚೊಂಬು

"ಕಣ್ಣು ಮುಚ್ಕೋಬೇಡ ಪುಟ್ಟಾ, ನನ್ನೇ ನೋಡ್ತಿರು," ಎನ್ನುತ್ತ ಯಶೋಧರಾ ಹುಡುಗಿಯ ನೆತ್ತಿಯ ಮೇಲೆ ಮತ್ತೊಂದು ಚೊಂಬು ಬಿಸಿನೀರು ಸುರಿದಳು.

ನಯನ ಬಚ್ಚಲುಕಲ್ಲಿನ ಮೇಲೆ ಚೂಡಿದಾರದಲ್ಲೇ ತೊಯ್ದು ತೊಪ್ಪೆಯಾಗಿ ಕೂತಿದ್ದಳು. ಕೂದಲನ್ನು ಅಲ್ಲಲ್ಲಿ ಬಿಡಿಸಿ, ಅಂಟು ಹಚ್ಚಿ ಕೂರಿಸಿದ್ದ ತಂತಿಗಳೆಲ್ಲ ಬೆನ್ನ ಹಿಂದೆ ಒಟ್ಟಾಗಿ ಬಾಗಿಲಾಚೆಯ ಮೇಜಿನ ಮೇಲಿದ್ದ ಯಂತ್ರಕ್ಕೆ ಹೋಗಿದ್ದವು. ಯಂತ್ರ ಹಾಳೆಯ ಮೇಲೆ ಸಣ್ಣಸಣ್ಣ ಗೆರೆ ಎಳೆಯುತ್ತಿತ್ತು. ಪ್ರೊಫೆಸರ್ ಸೋಮಶೇಖರ್ ಆ ಗೆರೆಗಳ ಮೇಲಿಟ್ಟ ಕಣ್ಣು ಕೀಳಲಿಲ್ಲ. ಹುಡುಗಿಯ ಅಪ್ಪ ಬೆಟ್ಟಸ್ವಾಮಿ ಒಳಗೆ ನೋಡಬಾರದೆಂದು ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನ ಅವ್ವ ಮಲ್ಲಾಜಮ್ಮ ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತು "ನಂಜುಂಡ, ನಮ್ಮಪ್ಪ ನಂಜುಂಡ" ಎಂದು ಜಪ ಮಾಡುತ್ತಿದ್ದಳು.

ಮನೆಯವರಲ್ಲಿ ತಾಯಿ ರುದ್ರಮ್ಮ ಒಬ್ಬಳೇ ಒಳಗೆ ನಿಂತಿದ್ದಳು. ಅವಳು ಗೆರೆಯನ್ನೂ ನೋಡಲಿಲ್ಲ, ಮಗಳ ಮುಖವನ್ನೂ ನೋಡಲಿಲ್ಲ. ನೋಡುತ್ತಿದ್ದುದು ಮಗಳ ಬಲಗೈಯನ್ನು. ತೊಡೆಯ ಮೇಲಿದ್ದ ಆ ಕೈ, ನೀರು ಬೀಳುವುದು ನಿಂತಾಗಲೆಲ್ಲ, ಬೆರಳು ಅರ್ಧ ಮಡಿಸಿಕೊಂಡು ಮೆಲ್ಲಗೆ ಮೇಲೇಳುತ್ತಿತ್ತು. ಬೇರೆ ಯಾರಾದರೂ ನೋಡಿದ್ದರೆ ಹುಡುಗಿ ಮುಖ ಒರೆಸಿಕೊಳ್ಳಲು ಹೊರಟಿದ್ದಾಳೆ ಅಂದುಕೊಳ್ಳಬೇಕು. ಅದು ಮುಖ ಒರೆಸುವ ಕೈಯಲ್ಲ, ಚೊಂಬು ಹುಡುಕುವ ಕೈ. ರುದ್ರಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಇಪ್ಪತ್ತು ವರ್ಷದಿಂದ ಅವಳ ಕೈಯೂ ಹಾಗೇ ಏಳುತ್ತಿತ್ತು.

"ಸಾಕು ಬಿಡಮ್ಮ ಯಶೋಧರಾ. ಏನೂ ಕಾಣಿಸ್ತಿಲ್ಲ," ಎಂದರು ಪ್ರೊಫೆಸರ್.

ಹೊರಗಿನಿಂದ ಬೆಟ್ಟಸ್ವಾಮಿ, "ಏನೂ ಇಲ್ವಂತ ಕಣವ್ವ," ಎಂದು ತನ್ನ ಅವ್ವನಿಗೆ ಕೂಗಿ ಹೇಳಿದ. ಅವಳಿಗೂ ಕೇಳಿಸಿತ್ತು. ಆದರೂ ಶುಭವಾರ್ತೆಯನ್ನು ಒಬ್ಬರು ಕೂಗಿ ಹೇಳಬೇಕಲ್ಲ.

ಇದೆಲ್ಲ ನಡೆಯುತ್ತಿದ್ದುದು ಆಸ್ಪತ್ರೆಯಲ್ಲಲ್ಲ, ತಿ. ನರಸೀಪುರದ ಒಂದು ಕಲ್ಯಾಣಮಂಟಪದ ಹಿಂಭಾಗದಲ್ಲಿ. ಯೂನಿವರ್ಸಿಟಿಯ ಮಿದುಳು ಸಂಶೋಧನೆಯವರು ಒಂದು ವಾರದ ಮಟ್ಟಿಗೆ ಅದನ್ನು ಹಿಡಿದಿದ್ದರು. ಅವರು ಹುಡುಕಿಕೊಂಡು ಬಂದಿದ್ದ ಕಾಯಿಲೆಯೇ ಅಂಥದ್ದು. ತಲೆಯ ಮೇಲೆ ಬಿಸಿನೀರು ಬಿದ್ದಾಗ ಮಾತ್ರ ಬರುವ ಮೂರ್ಛೆ. ಮೈಗೆ ಹುಯ್ದರೆ ಬರುವುದಿಲ್ಲ, ಬಿಸಿಲಿಗೆ ಬರುವುದಿಲ್ಲ, ಜ್ವರಕ್ಕೆ ಬರುವುದಿಲ್ಲ. ನೆತ್ತಿಗೆ ಬಿಸಿನೀರು ಬೀಳಬೇಕು. ಈ ಸೀಮೆಯ ಹಳ್ಳಿಗಳಲ್ಲಿ ಅದು ಜಾಸ್ತಿ ಎಂದು ಅವರು ಮಂಟಪ ನೋಡಿದರು. ಬಚ್ಚಲಿದೆ, ಬೀಗರಿಗೆ ನೀರು ಕಾಯಿಸುವ ದೊಡ್ಡ ಹಂಡೆಗಳಿವೆ. ಸುತ್ತಲ ಊರುಗಳಿಂದ ಜನ ಟವೆಲು, ಸೋಪು ಹಿಡಿದುಕೊಂಡು ಬಂದರು. ನೋಡಿದವರು ಯಾರ ಮದುವೆ ಎಂದು ಕೇಳಿಯೇ ಕೇಳುತ್ತಿದ್ದರು.

ಈ ಕಡೆ ತಲೆಗೆ ನೀರು ಹುಯ್ದುಕೊಳ್ಳುವುದೆಂದರೆ ಸುಮ್ಮನೆ ಮೈ ತೊಳೆಯುವುದಲ್ಲ ಕಣ್ರೀ. ವಾರಕ್ಕೊಮ್ಮೆ ಹಂಡೆ ಕುದಿಯಬೇಕು, ಬಚ್ಚಲಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಹಬೆ ಏಳಬೇಕು, ಬೆನ್ನು ಕೆಂಪಾಗಬೇಕು. ಉಗುರುಬೆಚ್ಚಗಿನ ನೀರಲ್ಲಿ ಮಿಂದವರದು ಕಾಗೆ ಸ್ನಾನ. ಕೂಸಿಗೆ ಎರೆಯುವ ಮುದುಕಿಯರೂ, ಕೂಸು ಎಷ್ಟು ಚೀರಿದರೆ ಅಷ್ಟು ಗಟ್ಟಿ ಆಗುತ್ತದೆ ಎಂದು ನಂಬಿದವರು.

ರುದ್ರಮ್ಮ ಹುಣಸೆಹುಂಡಿಗೆ ಸೊಸೆಯಾಗಿ ಬರುವ ಮುಂಚೆಯೇ, ಇನ್ನೂ ಲಂಗ ದಾವಣಿಯ ಹುಡುಗಿಯಾಗಿದ್ದಾಗಲೇ ಅದು ಶುರುವಾಗಿತ್ತು. ನಾಲ್ಕು ಚೊಂಬು ಬಿದ್ದ ಮೇಲೆ ನೀರಿನ ಸದ್ದು ದೂರ ಹೋಗುತ್ತಿತ್ತು. ಕತ್ತಿನ ಹಿಂದಿನಿಂದ ಏನೋ ಒಂದು ಮೆಲ್ಲಗೆ ಏರಿ ನೆತ್ತಿಗೆ ಬರುತ್ತಿತ್ತು. ಮೈ ಹಗುರಾಗುತ್ತಿತ್ತು. ಸತ್ತುಹೋದ ಅವಳ ಅಜ್ಜಿ ಪಕ್ಕದಲ್ಲೇ ಕೂತು "ಕೂಸೂ" ಎಂದು ಕರೆದ ಹಾಗಾಗುತ್ತಿತ್ತು. ಆಗ ಕೈ ತಾನಾಗಿ ಇನ್ನೊಂದು ಚೊಂಬಿಗೆ ಹೋಗುತ್ತಿತ್ತು. ಇನ್ನೊಂದು, ಇನ್ನೊಂದು. ಅಂಥ ಸುಖ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಹಬ್ಬದೂಟದಲ್ಲಿ ಸಿಕ್ಕಿರಲಿಲ್ಲ. ಹೇಳಬಾರದು, ಗಂಡನ ಪಕ್ಕದಲ್ಲೂ ಸಿಕ್ಕಿರಲಿಲ್ಲ. ಅದನ್ನು ನೆನೆದಾಗಲೇ ಅವಳಿಗೆ ಮುಖ ಎಲ್ಲಿಡಲಿ ಅನ್ನಿಸುವಷ್ಟು ನಾಚಿಕೆಯಾಗುತ್ತಿತ್ತು.

ಒಂದೆರಡು ಸಲ ಚೊಂಬು ಮಿತಿ ಮೀರಿ ಬಿದ್ದಿದ್ದಳು. ಎಚ್ಚರಾದಾಗ ನಾಲಿಗೆ ಕಚ್ಚಿಕೊಂಡು ಬಾಯಲ್ಲಿ ರಕ್ತ. "ಪಾಚಿ ಜಾರ್ತು," ಎಂದು ಹೇಳಿ, ಪಾಚಿ ಉಜ್ಜಿ ತೊಳೆದಳು. ಆಮೇಲೆ ಎಲ್ಲಿ ನಿಲ್ಲಿಸಬೇಕೆಂದು ಕಲಿತಳು. ನಿಲ್ಲಿಸಿ, ಮೈ ಒರೆಸಿಕೊಂಡು, ಮಡಿ ಸೀರೆ ಉಟ್ಟು, ಅದೇ ಕೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂರುತ್ತಿದ್ದಳು. ಅಂಗೈಯಲ್ಲಿ ಲಿಂಗ ನೋಡುವಾಗ ಕಣ್ಣು ತಗ್ಗುತ್ತಿತ್ತು. ಭಕ್ತಿ ಎಂದು ಅತ್ತೆ ತಿಳಿದಿದ್ದಳು.

ಅತ್ತೆಗೆ ಬೇಸರವಿದ್ದುದು ಒಂದೇ ವಿಷಯಕ್ಕೆ. "ಒಳಿಕೆ ಓದ್ರ ಈಚಿಗೇ ಬರಕಿಲ್ಲ ಮಾರಾಯ್ತಿ. ಬಚ್ಚಲಲ್ಲೇ ಬಾಣಂತನ ಮಾಡ್ಕಂಡು ಕುಂತಿರ್ತಳ," ಎಂದು ಮಲ್ಲಾಜಮ್ಮ ಸೌದೆಯ ಲೆಕ್ಕಕ್ಕೆ ಗೊಣಗುತ್ತಿದ್ದಳು. ಬೆಟ್ಟಸ್ವಾಮಿ ಹೆಂಡತಿಯ ಪರ. ರೇಷ್ಮೆಗೂಡಿಗೆ ಒಳ್ಳೇ ಬೆಲೆ ಸಿಕ್ಕ ವರ್ಷ, ಏನು ಬೇಕು ಕೇಳು ಎಂದಾಗ ಅವಳು ಓಲೆ ಕೇಳಲಿಲ್ಲ, ಸೀರೆ ಕೇಳಲಿಲ್ಲ, ತಾಮ್ರದ ದೊಡ್ಡ ಹಂಡೆ ಕೇಳಿದಳು. ನಂಜನಗೂಡಿನಿಂದ ಎತ್ತಿನ ಗಾಡಿಯಲ್ಲಿ ಹಂಡೆ ಬಂತು. "ಯಾರ ಎಡ್ತಿ ಅಂಡೆ ಕೇಳ್ತಳ ಯೋಳಿ! ಮನೆಮಂದಿಗೆಲ್ಲ ಆಯ್ತದ ಅಂತ ಕೇಳವಳ," ಎಂದು ಅವನು ಅರಳಿಕಟ್ಟೆಯಲ್ಲಿ ಎಷ್ಟು ಸಲ ಹೇಳಿದ್ದನೋ. ಮಗಳು ದೊಡ್ಡವಳಾದಾಗ ಬಚ್ಚಲ ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಚಿಲಕ ಹಾಕಿಸಿದವನೂ ಅವನೇ.

ಆ ಚಿಲಕವನ್ನು ಮೊನ್ನೆ ಹಾರೆಯಲ್ಲಿ ಮೀಟಬೇಕಾಯಿತು. ಶುಕ್ರವಾರ ಒಳಗೆ ಹೋದ ನಯನ ಕೂಗಿದರೂ ಓಗೊಡಲಿಲ್ಲ. ಬಾಗಿಲು ಒಡೆದಾಗ ಹುಡುಗಿ ಹಂಡೆ ಒಲೆಯ ಮಗ್ಗುಲಲ್ಲಿ ಬಿದ್ದಿದ್ದಳು. ಕಣ್ಣು ಮೇಲೆ ಸಿಕ್ಕಿ, ಕೈಕಾಲು ಸೆಟೆದು, ಎಡತೋಳು ಒಲೆಬಾಯಿಗೆ ತಗುಲಿ ಬೆಂದಿತ್ತು. ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ಮುಖ ಬೆಂಕಿಯಲ್ಲಿರುತ್ತಿತ್ತು. ಗಾಳಿ ಅಂದರು, ದೃಷ್ಟಿ ಅಂದರು, ನಂಜನಗೂಡಿನ ಡಾಕ್ಟರು ಮಾತ್ರ ಸುಟ್ಟಿದ್ದಕ್ಕೆ ಮುಲಾಮು ಕೊಟ್ಟು, "ನರಸೀಪುರಕ್ಕೆ ಯೂನಿವರ್ಸಿಟಿಯೋರು ಬಂದವ್ರೆ, ಇದನ್ನೇ ನೋಡಕ್ಕೆ. ಕರ್ಕೊಂಡೋಗಿ ತೋರ್ಸಿ," ಎಂದರು.

ಅವತ್ತಿನಿಂದ ರುದ್ರಮ್ಮನ ಎದೆಯಲ್ಲಿ ಕಲ್ಲು ಕೂತಿತ್ತು. ಹುಡುಗಿ ಕೆಲವು ತಿಂಗಳಿಂದ ಬಚ್ಚಲಿನಿಂದ ತಡವಾಗಿ ಬರುತ್ತಿದ್ದಳು. ಬಂದಾಗ ಮುಖದಲ್ಲಿ ಒಂದು ನಗು ಉಳಿದಿರುತ್ತಿತ್ತು. ಪಿಯುಸಿ ಓದುವ ಹುಡುಗಿ, ಯಾವನನ್ನೋ ನೆನೆಸಿಕೊಂಡಿದ್ದಾಳೆ ಎಂದು ರುದ್ರಮ್ಮ ತನಗೆ ತಾನೇ ಹೇಳಿಕೊಂಡಿದ್ದಳು. ಹಾಗಿದ್ದರೇ ಚೆನ್ನಾಗಿತ್ತು.

ತಂತಿ ಅಂಟಿಸುವ ಮೊದಲು ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿ ಯಶೋಧರಾ ಪ್ರಶ್ನೆ ಕೇಳಿದ್ದಳು. ಅವಳು ಪ್ರೊಫೆಸರರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಇದೇ ನರಸೀಪುರದ ಕಡೆಯವಳಾದ್ದರಿಂದ ಅವಳು ಕೇಳಿದ್ದು ಜನಕ್ಕೆ ಅರ್ಥವಾಗುತ್ತಿತ್ತು.

"ನೀರು ಹುಯ್ಕೊಳ್ಳುವಾಗ ಹೇಗನ್ಸುತ್ತೆ ನಯನ? ಭಯ ಆಗುತ್ತಾ?"

"ಇಲ್ಲ ಮಿಸ್."

"ಏನಾದ್ರೂ ವಾಸನೆ ಬರುತ್ತಾ? ಏನಾದ್ರೂ ಕೇಳ್ಸುತ್ತಾ?"

"ಇಲ್ಲ."

"ಕೆಲವ್ರಿಗೆ ಒಂಥರಾ ಖುಷಿ ಆಗುತ್ತೆ. ಸಾಕು ಅನ್ಸೋದೇ ಇಲ್ಲ, ಇನ್ನೂ ಬೇಕು ಅಂತ ಹುಯ್ಕೊಳ್ತಾನೇ ಇರ್ತಾರೆ. ನಿಂಗೆ ಹಾಗೇನಾದ್ರೂ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪ್ರಶ್ನೆ ಮಗಳಿಗೆ, ಸೆರಗು ಎಳೆದು ತಲೆಯ ಮೇಲೆ ಹೊದ್ದುಕೊಂಡವಳು ರುದ್ರಮ್ಮ. ಇಪ್ಪತ್ತು ವರ್ಷ ಬಚ್ಚಲ ಬಾಗಿಲ ಹಿಂದೆ ಇಟ್ಟಿದ್ದನ್ನು ಈ ಹುಡುಗಿ, ಊಟ ಆಯ್ತಾ ಎಂಬಷ್ಟು ಸಲೀಸಾಗಿ, ನಾಲ್ಕು ಜನರೆದುರು ಕೇಳಿಬಿಟ್ಟಿದ್ದಳು!

"ಇಲ್ಲ," ಎಂದಳು ನಯನ. ಕಾಲಿನ ಹೆಬ್ಬೆರಳನ್ನು ನೋಡಿಕೊಂಡು.

"ಮನೇಲಿ ಬೇರೆ ಯಾರಿಗಾದ್ರೂ ಇದಿಯಾ? ಅಪ್ಪನ ಕಡೆ, ಅಮ್ಮನ ಕಡೆ? ಇದು ಒಂದೇ ಮನೇಲಿ ಇಬ್ರು ಮೂವರಿಗೆ ಬರೋದುಂಟು."

ಬೆಟ್ಟಸ್ವಾಮಿ ಎದೆ ಮುಂದೆ ಮಾಡಿದ. "ನಮ್ಮ ವಂಸದಲ್ಲಿ ಏಳು ತಲಮಾರಿಂದ ಯಾರ್ಗೂ ಇಲ್ಲ ಕಣವ್ವ. ಕಲ್ಲುಗುಂಡಂಗವ್ರೆ ಎಲ್ಲಾರೂ. ಇವಳ ತವರಲ್ಲೂ ಇಲ್ಲ. ನೋಡೇ ತಂದಿದ್ದು." ಹೆಂಡತಿಯ ಕಡೆ ತಿರುಗಿ, "ಯೋಳು ಮತ್ತ, ಇದ್ದದಾ?" ಎಂದ.

"ಇಲ್ಲ," ಎಂದಳು ರುದ್ರಮ್ಮ.

ಈಗ ಪರೀಕ್ಷೆ ಮುಗಿದಿತ್ತು. ನಯನಳ ತಲೆಯಿಂದ ತಂತಿ ಬಿಡಿಸಿ, ಅಂಟು ತೊಳೆದು, ಅವಳನ್ನು ಬಟ್ಟೆ ಬದಲಾಯಿಸಲು ಕಳಿಸಿದರು. ಪ್ರೊಫೆಸರ್ ಬೆಟ್ಟಸ್ವಾಮಿಯನ್ನು ಕರೆದು ತಾಳ್ಮೆಯಿಂದಲೇ ಹೇಳಿದರು. ಒಂದು ಪರೀಕ್ಷೆಯಲ್ಲಿ ಕಾಣಿಸಲಿಲ್ಲ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ಇಲ್ಲಿ ನಾವು ಹೆಚ್ಚು ಸುಡುವ ನೀರು ಹಾಕುವ ಹಾಗಿಲ್ಲ, ಮೇಲಾಗಿ ಹುಡುಗಿ ಹೆದರಿದ್ದಾಳೆ. ಆದರೆ ಒಂದೇ ಸಲ ಬಂದಿರುವುದು, ಮನೆಯಲ್ಲಿ ಬೇರೆ ಯಾರಿಗೂ ಇಲ್ಲ, ತಾನಾಗಿ ಹುಯ್ದುಕೊಳ್ಳುವ ಚಟವೂ ಇಲ್ಲ.

"ಅಂಥೋರಿಗೆ ಮಾತ್ರೆ ಬೇಡ. ತಲೆಗೆ ಉಗುರುಬೆಚ್ಚಗಿನ ನೀರು ಹಾಕ್ಕೊಳ್ಳಲಿ. ಅಷ್ಟೇ. ತಾನಾಗೇ ಹೋಗುತ್ತೆ."

"ಅಷ್ಟೇ ಅಲ್ವ ಸಾ!" ಬೆಟ್ಟಸ್ವಾಮಿ ಕೈ ಮುಗಿದ. "ಊರೋರು ಏನೇನೋ ಮಾತಾಡಿದ್ರು ಸಾ. ನಿಮ್ಮ ಬಾಯಿಂದ ಈ ಮಾತು ಬಂದದ್ದು ಆಲು ಅನ್ನ ಉಂಡಂಗಾಯ್ತು."

ಮಲ್ಲಾಜಮ್ಮ ಎದ್ದು ಮಂಡಿ ನೀವಿಕೊಂಡಳು. ಮಂಟಪದ ಮುಂಭಾಗದಲ್ಲಿ ಆಗಲೇ ನಾಳೆಯ ಮದುವೆಯವರು ಬಂದು ಬಾಳೆಕಂದು ಕಟ್ಟುತ್ತಿದ್ದರು. ಅಡುಗೆಯವರು ಪಾತ್ರೆ ಇಳಿಸುತ್ತಿದ್ದ ಸದ್ದು ಇಲ್ಲಿಯವರೆಗೆ ಬರುತ್ತಿತ್ತು. ಒಬ್ಬ ಬಂದು, "ಸಾ, ಬಚ್ಚಲು ಯಾವಾಗ ಬುಟ್ಕೊಡ್ತೀರಿ? ಗಂಡಿನ ಕಡೇರು ಬತ್ತಾವ್ರೆ," ಎಂದು ಇಣುಕಿ ಹೋದ.

ರುದ್ರಮ್ಮ ಮಗಳನ್ನು ಕರೆತರಲು ಒಳಗೆ ಹೋದಳು. ನಯನ ಬಟ್ಟೆ ಬದಲಾಯಿಸಿ ಆಗಿತ್ತು. ಆದರೂ ಬಂದಿರಲಿಲ್ಲ. ಮಂಟಪದ ದೊಡ್ಡ ಹಂಡೆಯ ಮುಂದೆ ನಿಂತು, ಏಳುತ್ತಿದ್ದ ಹಬೆಗೆ ಮುಖ ಕೊಟ್ಟಿದ್ದಳು. ಸುಟ್ಟಗಾಯಕ್ಕೆ ಪಟ್ಟಿ ಕಟ್ಟಿದ್ದ ಎಡತೋಳನ್ನು ಎದೆಗೆ ಒತ್ತಿಕೊಂಡಿದ್ದಳು. ಬಲಗೈಯ ಬೆರಳುಗಳು ಹಂಡೆಯ ನೀರಿನಲ್ಲಿದ್ದವು. ಕೈ ಸುಡುವಷ್ಟು ಬಿಸಿ, ತೆಗೆದಿರಲಿಲ್ಲ.

"ನಯನ."

ಹುಡುಗಿ ಬೆಚ್ಚಿ ಕೈ ಎಳೆದುಕೊಂಡಳು. "ಸುಮ್ಗ ನೋಡ್ತಿದ್ದಿ ಕಣವ್ವ. ಬಿಸಿ ಅದಾ ಅಂತ."

"ನಿಂಗ ಏನೂ ಅನ್ಸಾದೇ ಇಲ್ವ ಮಗ? ನೀರು ಬೀಳಾಗ?"

"ಇಲ್ಲ ಅಂದ್ನಲ್ಲ!"

ಎಷ್ಟು ಚುರುಕಾಗಿ ಹೇಳಿದಳು! ಕಣ್ಣಿಗೆ ಕಣ್ಣು ಕೊಡದೆ, ದುಪಟ್ಟಾ ಸರಿಮಾಡಿಕೊಳ್ಳುತ್ತ. ಪಾಚಿ ಜಾರಿತು ಎಂದು ಹೇಳುತ್ತಿದ್ದ ದನಿಯೇ. ಸುಳ್ಳನ್ನು ಯಾರೂ ಕಲಿಸಿರಲಿಲ್ಲ, ಮೂರ್ಛೆಯ ಜೊತೆಗೇ ಅದೂ ತಾಯಿಯಿಂದ ಬಂದಿತ್ತು.

ಬೆಚ್ಚಗಿನ ನೀರು ಸಾಕು ಅಂದರಲ್ಲ ಪ್ರೊಫೆಸರ್. ಇವಳು ಅಪ್ಪನೆದುರು ಬೆಚ್ಚಗಿನ ಬಕೀಟು ಹಿಡಿದು ಹೋಗುತ್ತಾಳೆ. ಬಾಗಿಲು ಹಾಕಿಕೊಳ್ಳುತ್ತಾಳೆ. ಆಮೇಲೆ ಹಂಡೆಯಿಂದ ಕುದಿಯುವ ನೀರು ಮೊಗೆಯುತ್ತಾಳೆ. ರುದ್ರಮ್ಮನಿಗೆ ಅದು ಕಣ್ಣಿಗೆ ಕಟ್ಟಿದ ಹಾಗಿತ್ತು, ಯಾಕೆಂದರೆ ಅವಳಾಗಿದ್ದರೂ ಅದನ್ನೇ ಮಾಡುತ್ತಿದ್ದಳು. ಆ ಗೇಣು ದೂರದ ಒಲೆಬಾಯಿ ಮುಂದಿನ ಸಲ ಇವಳನ್ನು ಬಿಡುತ್ತದೆ ಎಂದು ಯಾರು ಹೇಳಬಲ್ಲರು?

"ಬಸ್ಸಿಗೆ ಟೈಮಾಯ್ತು, ಏನ್ ಮಾಡ್ತಿದ್ದೀರಿ ತಾಯಿ ಮಗಳು?" ಎಂದು ಬೆಟ್ಟಸ್ವಾಮಿ ಕೂಗಿದ.

ಹೊರಗೆ ಯಶೋಧರಾ ತಂತಿಗಳನ್ನು ಸುತ್ತಿಡುತ್ತಿದ್ದಳು. ರುದ್ರಮ್ಮ ಅವಳ ಹತ್ತಿರ ಹೋಗಿ ನಿಂತಳು. ಒಬ್ಬಳ ಕಿವಿಯಲ್ಲಿ ಹೇಳಿ ಮುಗಿಸೋಣ ಎಂದೇ ಹೋದದ್ದು. "ಒಂಚೂರು ಈ ಕಡೀಕ ಬನ್ನಿ ಅವ್ವ," ಎಂದಳು. ದನಿ ಹೊರಟಿತೋ ಇಲ್ಲವೋ.

"ಏನಮ್ಮ?"

"ಅವಳು ಬಿಸಿ ಕಮ್ಮಿ ಮಾಡ್ಕಳಕಿಲ್ಲ."

"ಯಾಕೆ? ನೀವು ಹೇಳಿದ್ರೆ ಕೇಳಲ್ವಾ?"

"ಕೇಳಕ್ಕಾಗಕಿಲ್ಲ ಕಣವ್ವ. ಕೈ ಕೇಳಕಿಲ್ಲ."

ತಾನು ಪಿಸುಗುಟ್ಟುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು. ಆದರೆ ಪ್ರೊಫೆಸರ್ ಈ ಕಡೆ ತಿರುಗಿದ್ದರು. ಬೆಟ್ಟಸ್ವಾಮಿ ಚೀಲ ಕೆಳಗಿಟ್ಟು ಬಂದ. "ಅದೇನ್ ಅವರ ತಲೆ ತಿಂತಿದ್ದೀಯೆ? ಸಾಹೇಬ್ರು ಎಲ್ಲ ಯೋಳಾಯ್ತಲ್ಲ."

ಇನ್ನೂ ಕಾಲ ಮಿಂಚಿರಲಿಲ್ಲ. ಏನಿಲ್ಲ ಎಂದು ಹೇಳಿ, ಚೀಲ ಎತ್ತಿಕೊಂಡು, ಬಸ್ಸು ಹತ್ತಬಹುದಿತ್ತು. ರುದ್ರಮ್ಮ ಬಾಗಿಲ ಕಡೆ ನೋಡಿದಳು. ನಯನ ಅಲ್ಲಿ ನಿಂತು, ಕೆಂಪಾದ ಬೆರಳುಗಳನ್ನು ದುಪಟ್ಟಾದಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

"ನಂಗೂ ಅದ," ಎಂದಳು ರುದ್ರಮ್ಮ.

"ಏನು ಅದ?" ಬೆಟ್ಟಸ್ವಾಮಿ ನಕ್ಕ.

"ಅವಳಿಗಿರದೇ. ನಾನು ಉಡುಗಿಯಾಗಿದ್ದಾಗ್ಲಿಂದ್ಲೂ ಅದ. ನೀರು ಬಿದ್ರ... ಒಂಥರಾ ಆಯ್ತದ. ಸುಕ ಆಯ್ತದ. ಸಾಕು ಅನ್ಸಕಿಲ್ಲ. ಬೀಳ್ತೀನಿ ಅಂತ ಗೊತ್ತಿದ್ರೂ ಇನ್ನೊಂದು ಚೊಂಬು ಉಯ್ಕತೀನಿ. ಅದ್ಕೇ ನಾನು ಬಚ್ಚಲಿಂದ ಬೇಗ ಬರಾದಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಿವಿ ಕಾದಿತ್ತು. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಪರೀಕ್ಷೆಯ ಚಿತ್ರ ತೆಗೆಯಲು ಪ್ರೊಫೆಸರರ ಜೊತೆ ಬಂದಿದ್ದ ಹುಡುಗ ಕ್ಯಾಮೆರಾದ ಮುಚ್ಚಳವನ್ನು ತೆಗೆದು ತೆಗೆದು ಹಾಕುತ್ತಿದ್ದ.

"ಥೂ," ಎಂದಳು ಮಲ್ಲಾಜಮ್ಮ. "ನೂಲ್ನಂಗ ಸೀರ, ತಾಯಂಗ ಮಗಳು. ಸಿವಸಿವಾ! ನಾನು ಸೌದ ಒಟ್ಟಿ ಒಟ್ಟಿ ಕಾಯ್ಸಿದ್ದು ಇದ್ಕಾ?"

ಯಶೋಧರಾಳ ಮುಖ ಒಂದು ಗಳಿಗೆ ಬೆಳಗಿತು. ತಾಯಿ, ಮಗಳು, ಇಬ್ಬರಿಗೂ ಒಂದೇ ಥರ! ಇಂಥ ಮನೆಯೊಂದು ಸಿಗಲಿ ಎಂದೇ ಅವಳು ಎರಡು ವರ್ಷದಿಂದ ಈ ಸೀಮೆಯ ಬಚ್ಚಲುಗಳನ್ನು ಸುತ್ತಿದ್ದಳು. ಮರುಗಳಿಗೆ ರುದ್ರಮ್ಮನ ಮುಖ ಕಂಡಿತು. ಅವಳ ನಗು ಇಳಿದುಹೋಯಿತು. ಸುತ್ತುತ್ತಿದ್ದ ತಂತಿಯನ್ನು ಕೆಳಗಿಟ್ಟು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಕೈ ಒರೆಸಿಕೊಂಡಳು.

"ಬಾಗಿಲು ಹಾಕ್ತೀನಿ ಬನ್ನಿ ಅಮ್ಮ, ಕೂತ್ಕೊಂಡು ಮಾತಾಡಣ," ಎಂದಳು.

"ಇನ್ನೇನ್ ಬಾಗಿಲು ಬುಡಿ," ಎಂದಳು ರುದ್ರಮ್ಮ.

ಪ್ರೊಫೆಸರ್ ಕುರ್ಚಿ ಎಳೆದು ಎದುರಿಗೆ ಕೂತರು. ಅವರ ಪ್ರಶ್ನೆಗಳಿಗೆಲ್ಲ ಅವಳು ನೆಲ ನೋಡಿಕೊಂಡು ಉತ್ತರ ಕೊಟ್ಟಳು. ಎಷ್ಟನೇ ವಯಸ್ಸಿಗೆ, ಎಷ್ಟು ಸಲ ಬಿದ್ದಿದ್ದೀರಿ, ಬಸುರಿಯಾಗಿದ್ದಾಗಲೂ ಇತ್ತೇ? ಇತ್ತು. ಆಗಲೂ ಹುಯ್ದುಕೊಂಡಿದ್ದಳು. ಆ ಉತ್ತರಕ್ಕೆ ಬೆಟ್ಟಸ್ವಾಮಿ ಎದ್ದು ಹೊರಗೆ ಹೋದ.

"ನೋಡಿ ಅಮ್ಮ, ಇದು ನಿಮ್ಮ ತಪ್ಪಲ್ಲ," ಎಂದಳು ಯಶೋಧರಾ. "ಬಿಸಿ ತಾಗಿದ ತಕ್ಷಣ ಮಿದುಳಿನಲ್ಲಿ ಒಂದು ಜಾಗ ಹೊತ್ತಿಕೊಳ್ಳುತ್ತೆ. ಸುಖ ಅನ್ನಿಸೋದೂ ಆ ಕಾಯಿಲೇದೇ ಶುರು. ಅದು ನಿಮ್ಮ ಗುಣ ಅಲ್ಲ."

ರುದ್ರಮ್ಮ ತಲೆಯಾಡಿಸಿದಳು. ಹೇಳಿದ್ದು ಅರ್ಥವಾಗಲಿಲ್ಲ ಎಂದಲ್ಲ. ಮಿದುಳೂ ತನ್ನದೇ ತಾನೇ. ಪಕ್ಕದ ಮನೆಯವಳದಲ್ಲವಲ್ಲ.

ಅಷ್ಟರಲ್ಲಿ ಬಾಗಿಲಲ್ಲಿದ್ದ ನಯನ ಬಿಕ್ಕಿದಳು. ಮೂಗು ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, "ನಂಗೂ ಅಂಗೇ ಆಯ್ತದ ಮಿಸ್. ಅವತ್ತು ಒಂದೇ ಸಲ ಅಲ್ಲ," ಎಂದಳು.

ಹಾಗೆ ಮಾತ್ರೆ ಬಂತು, ತಲೆಸ್ನಾನಕ್ಕೆ ಮುಂಚೆ ನುಂಗುವುದು. ಅದರ ಜೊತೆಗೆ ಕಟ್ಟುಪಾಡುಗಳೂ ಬಂದವು. ಇಬ್ಬರೂ ತಮ್ಮ ಕೈಯಾರೆ ತಲೆಗೆ ನೀರು ಹುಯ್ದುಕೊಳ್ಳಬಾರದು, ಇನ್ನೊಬ್ಬರು ಹುಯ್ಯಬೇಕು. ಹುಯ್ಯುವವರು ಮೊಣಕೈ ಅದ್ದಿ ಬಿಸಿ ನೋಡಬೇಕು. ಬಾಗಿಲಿಗೆ ಚಿಲಕ ಕೂಡದು. ಮುಂದಿನ ತಿಂಗಳು ಇಬ್ಬರೂ ಯೂನಿವರ್ಸಿಟಿಗೇ ಬರಬೇಕು, ಬಸ್ ಚಾರ್ಜು ಅವರದೇ. "ನಿಮ್ಮಿಂದ ನಮಗೆ ಬಹಳ ತಿಳಿಯೋದಿದೆ," ಎಂದರು ಪ್ರೊಫೆಸರ್, ಗೌರವದಿಂದಲೇ. ಆ ಗೌರವವೂ ಅವಳಿಗೆ ಚುಚ್ಚಿತು.

ಬಸ್ಸಿನಲ್ಲಿ ಬೆಟ್ಟಸ್ವಾಮಿ ಮುಂದೆ ಡ್ರೈವರ್ ಪಕ್ಕದ ಸೀಟಿಗೆ ಹೋಗಿ ಕೂತ. ಹಿಂದೆ ಮೂವರಿಗಾಗುವಷ್ಟು ಜಾಗವಿತ್ತು, ನಾಲ್ವರಿಗೂ ಆಗುತ್ತಿತ್ತು. ಮಲ್ಲಾಜಮ್ಮ ಸೊಸೆಗೂ ತನಗೂ ನಡುವೆ ಚೀಲ ಇಟ್ಟುಕೊಂಡಳು. ಕಪಿಲೆಯ ಸೇತುವೆ ದಾಟುವಾಗಲೆಲ್ಲ ಕೈ ಮುಗಿಯುವವಳು ಇವತ್ತು ಮರೆತಳು. ನಯನ ತಾಯಿಯ ಹೆಗಲಿಗೆ ಒರಗಿ, ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿರಲಿಲ್ಲ.

ಮನೆಗೆ ಬಂದ ಬೆಟ್ಟಸ್ವಾಮಿ ಕಾಲು ಕೂಡ ತೊಳೆಯದೆ ಇಕ್ಕಳ, ಸುತ್ತಿಗೆ ತಂದು ಬಚ್ಚಲ ಬಾಗಿಲ ಮುಂದೆ ಕೂತ. ಮೊನ್ನೆ ಮೀಟಿದ್ದರಿಂದ ಚಿಲಕ ಅರ್ಧ ಕಿತ್ತು ನೇತಾಡುತ್ತಿತ್ತು. ಉಳಿದ ಮೊಳೆಗಳನ್ನು ಒಂದೊಂದಾಗಿ ಎಳೆದ. ರುದ್ರಮ್ಮ ಲಾಟೀನು ಬೇಕೇ ಎಂದು ಕೇಳಲಿಲ್ಲ. ಸಂಜೆ ಬೆಳಕು ಇನ್ನೂ ಇತ್ತು. ಕಂಬಕ್ಕೆ ಒರಗಿ ನಿಂತಿದ್ದಳು.

ಅವನು ತಿರುಗದೆಯೇ ಕೇಳಿದ: "ಅದ್ಕೇನಾ ನೀನು ಅಂಡೆ ಕೇಳಿದ್ದು?"

ಮನೆಮಂದಿಗೆಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಅವನೂ ಅದನ್ನೇ ಬೇಡುತ್ತಿದ್ದ ಹಾಗಿತ್ತು.

"ಊಂ," ಎಂದಳು.

ಬೆಟ್ಟಸ್ವಾಮಿ ಕಿತ್ತ ಚಿಲಕವನ್ನು ಕೈಯಲ್ಲಿ ತೂಗಿ ನೋಡಿದ. "ಊರಿಗೆಲ್ಲ ಯೋಳ್ಕಂಡು ಬಂದ್ನಲ್ಲೇ ನಾನು," ಎಂದ. ಬೈಗುಳವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನ ದನಿಯಲ್ಲಿ ಬೈಗುಳ ಇರಲಿಲ್ಲ. ಅವನಿಗೂ ನಾಚಿಕೆಯಾಗಿತ್ತು, ಅದೂ ಅವಳಿಂದ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಹೋದಳು.

ಶುಕ್ರವಾರ ಬಂತು. ಯಾರೂ ಏನೂ ಹೇಳದೆ ಒಲೆಗೆ ಬೆಂಕಿ ಬಿತ್ತು, ಎಂದಿನ ಅರ್ಧ ಸೌದೆ. ಚಿಲಕವಿದ್ದ ಕಡೆ ನಾಲ್ಕು ತೂತು ಉಳಿದಿದ್ದವು. ಬಾಗಿಲು ತಾನಾಗಿ ತೆರೆದುಕೊಳ್ಳದಿರಲಿ ಎಂದು ಯಾರೋ ಒಳಗೆ ಒಂದು ಇಟ್ಟಿಗೆ ತಂದಿಟ್ಟಿದ್ದರು.

ತಾಯಿ ಮಗಳು ಮಾತ್ರೆ ನುಂಗಿ ಒಳಗೆ ಹೋದರು. ರುದ್ರಮ್ಮ ಮೊಣಕೈ ಅದ್ದಿ, ತಣ್ಣೀರು ಬೆರೆಸಿ, ಮತ್ತೆ ಅದ್ದಿ, ಮಗಳ ತಲೆಗೆ ಹುಯ್ದಳು. ಸೀಗೆಪುಡಿ ಹಾಕಿ ತಿಕ್ಕಿದಳು. ಹುಡುಗಿ ಮುಖ ಸಿಂಡರಿಸಿಕೊಂಡು, "ಇದೇನವ್ವ, ಕಾಗೆ ಸ್ನಾನ," ಎಂದಳು. ಇಬ್ಬರಿಗೂ ಸಣ್ಣಗೆ ನಗು ಬಂತು. ಬಂದದ್ದಕ್ಕೆ ಮತ್ತೆ ನಾಚಿಕೆಯಾಯಿತು.

"ಈಗ ನೀನು ಕೂತ್ಕೊ," ಎಂದಳು ನಯನ.

ನಯನ ಹುಟ್ಟಿ ಬಾಣಂತನ ಮುಗಿದಾಗಿನಿಂದ ರುದ್ರಮ್ಮನ ತಲೆಗೆ ಯಾರೂ ನೀರು ಹುಯ್ದಿರಲಿಲ್ಲ. ಸೀರೆಯನ್ನು ಎದೆಗೆ ಕಟ್ಟಿಕೊಂಡು ಕಲ್ಲಿನ ಮೇಲೆ ಕೂತಳು. ಅಷ್ಟರಲ್ಲಿ ಹೊರಗೆ ಮಣೆ ಎಳೆದ ಸದ್ದಾಯಿತು. ಬಾಗಿಲ ಸಂದಿಯಿಂದ ಮಲ್ಲಾಜಮ್ಮನ ಬೆನ್ನು ಕಂಡಿತು. ಮೊರದ ತುಂಬ ಹುರುಳಿಕಾಳು ಇಟ್ಟುಕೊಂಡು, ಬಾಗಿಲಿಗೆ ಒರಗಿ ಕೂತು, ಕಲ್ಲು ಆರಿಸತೊಡಗಿದ್ದಳು. "ಯಾರ್ಲಾ ಅದು? ಈ ಕಡೆ ಬರಬ್ಯಾಡಿ, ಎಂಗಸ್ರು ನೀರುಯ್ಕತಾವ್ರೆ," ಎಂದು ಅಂಗಳದಲ್ಲಿ ಹಾದುಹೋದ ಯಾರನ್ನೋ ಗದರಿದಳು.

ಮೊದಲ ಚೊಂಬು ಬಿತ್ತು. ಎರಡನೆಯದು. ಬೆಚ್ಚಗಿನ ನೀರು ಹಣೆಯ ಮೇಲೆ, ಕಣ್ಣಿನ ಮೇಲೆ ಇಳಿಯಿತು. ನೀರಿನ ಸದ್ದು ದೂರ ಹೋಗಲಿಲ್ಲ, ಕಿವಿಯ ಪಕ್ಕದಲ್ಲೇ ಇತ್ತು. ಅಜ್ಜಿ ಕರೆಯಲಿಲ್ಲ. ರುದ್ರಮ್ಮ ಕಾದಳು. ಮತ್ತೊಂದು ಬಿತ್ತು. ಅದು ಬರೀ ನೀರು.

ಅವಳ ಬಲಗೈ ತೊಡೆಯ ಮೇಲಿನಿಂದ ಮೆ​ಲ್ಲಗೆ ಎದ್ದಿತು, ಬೆರಳು ಅರ್ಧ ಮಡಿಸಿಕೊಂಡು.

ನಯನ ಅದನ್ನು ನೋಡಿದಳು. ಚೊಂಬನ್ನು ಬಕೀಟಿನೊಳಗೆ ಬಿಟ್ಟು, ಆ ಕೈಯನ್ನು ಹಿಡಿದುಕೊಂಡಳು. ಸುಟ್ಟ ತೋಳಿನ ಪಟ್ಟಿ ಒದ್ದೆಯಾಗುತ್ತಿದ್ದರೂ ಬಿಡಲಿಲ್ಲ. ಹೊರಗೆ ಮೊರದಲ್ಲಿ ಕಾಳು ಉರುಳುವ ಸದ್ದು ನಿಂತು, ಮತ್ತೆ ಶುರುವಾಯಿತು.